ಮಾಸ್ಕ್ ತೆಗೆಯಲೊಲ್ಲದ ಗುಮಾಸ್ತ

ದಾವಣಗೆರೆಯ ಮಂಡಿಪೇಟೆಯ ಸಗಟು ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ 26 ವರ್ಷದ ಯುವಕರೊಬ್ಬರನ್ನು ಅವರ ತಾಯಿ ಸಮಾಲೋಚನೆಗೆಂದು ನನ್ನ ಬಳಿಗೆ ಕರೆತಂದಿದ್ದರು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಕೋವಿಡ್ ಮುಗಿದು ವರ್ಷಗಳಾದರೂ ಮಗ ಮಾಸ್ಕ್ ಬಿಟ್ಟಿಲ್ಲ, ನೆಂಟರ ಮದುವೆಗೆ ಬರುವುದಿಲ್ಲ, ರಾತ್ರಿ ಮೊಬೈಲಿನಲ್ಲಿ ತನ್ನದೇ ಫೋಟೊವನ್ನು ಹಿಗ್ಗಿಸಿ ನೋಡುತ್ತ ಕೂರುತ್ತಾನೆ ಎಂಬುದು ತಾಯಿಯ ಅಳಲು. “ಗಂಡು ಹುಡುಗನಿಗೆ ಬಣ್ಣ ಯಾಕ್ ಬೇಕ್ರಿ ಮೇಡಂ?” ಎಂದು ಅವರು ಕೇಳಿದರು.

ಎರಡು ವರ್ಷಗಳ ಹಿಂದೆ ಅಂಗಡಿಯಲ್ಲಿ ಗಿರಾಕಿಗಳನ್ನು ಮಾತನಾಡಿಸುವ ಜಾಗ ತೆರವಾದಾಗ, ಮಾಲೀಕರು ಹೊಸದಾಗಿ ಸೇರಿದ್ದ ಬೆಳ್ಳಗಿನ ಹುಡುಗನನ್ನು ಅಲ್ಲಿ ಕೂರಿಸಿ, “ಮುಂದೆ ಕೂರೋಕೆ ಮುಖಲಕ್ಷಣ ಬೇಕಪ್ಪ, ನೀನು ಒಳಗೆ ಲೆಕ್ಕ ನೋಡ್ಕೋ” ಎಂದಿದ್ದರು. ಗೆಳೆಯನ ಮಾತು ಕೇಳಿ ಇವರು ಔಷಧಿ ಅಂಗಡಿಯಿಂದ ಚೀಟಿಯಿಲ್ಲದೆ ಟ್ಯೂಬೊಂದನ್ನು ತಂದು ಹಚ್ಚತೊಡಗಿದರು. ಮೊದಲು ಮುಖ ತಿಳಿಯಾಯಿತು. ಬಿಟ್ಟ ಕೂಡಲೇ ಉರಿ, ಕೆಂಪು, ಮೊಡವೆ. ಮತ್ತೆ ಹಚ್ಚಿದರೆ ತಂಪು. ಟ್ಯೂಬನ್ನು ತರಿಸಿ ನೋಡಿದೆ. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಎಂಬ ಔಷಧಿಗಳ ಜೊತೆಗೆ ಮೊಮೆಟಾಸೋನ್ ಎಂಬ ಸ್ಟೀರಾಯ್ಡ್ ಅದರಲ್ಲಿತ್ತು. ಬಂಗು ಎಂಬ ಮುಖದ ಕಂದು ಕಲೆಗಳಿಗೆ ವೈದ್ಯರ ನಿಗಾದಲ್ಲಿ ಕೆಲವೇ ವಾರ ಹಚ್ಚಬೇಕಾದ ಇಂಥ ಮುಲಾಮು ದೀರ್ಘಕಾಲ ಬಳಸಿದರೆ ಚರ್ಮವನ್ನು ತೆಳುವಾಗಿಸುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಕ್ರೀಮುಗಳನ್ನು ಚೀಟಿಯಿಲ್ಲದೆ ಮಾರುವಂತಿಲ್ಲ ಎಂದು ನಿಯಮ ತಂದಿದ್ದರೂ ಅವು ಕೈಗೆ ಸಿಗುತ್ತಲೇ ಇರುವುದು ನನಗೆ ತೀವ್ರ ಕಳವಳದ ವಿಷಯ. ತಾವಾಗಿಯೇ ನಿಲ್ಲಿಸದೆ ಮೊದಲು ಚರ್ಮವೈದ್ಯರನ್ನು ಕಾಣಬೇಕೆಂದು ಹೇಳಿದೆ. ಗಂಟೆಗಟ್ಟಲೆ ಮುಖ ಪರೀಕ್ಷಿಸಿಕೊಳ್ಳುವುದು ಕಾಯಿಲೆಯ ಮಟ್ಟಕ್ಕೆ ಹೋಗಿದೆಯೇ ಎಂದು ತಿಳಿಯಲು ಮನೋವೈದ್ಯರ ಬಳಿಗೂ ಕಳುಹಿಸಿದೆ.

ರೂಪಕ್ಕೆ ಬೆಲೆಯಿಲ್ಲ ಎಂಬ ಸಮಾಧಾನವನ್ನು ನಾನು ಹೇಳಲಿಲ್ಲ. ಬೆಲೆಯಿದೆ ಎಂಬುದನ್ನು ಅವರು ಅಂಗಡಿಯಲ್ಲೇ ಉಂಡಿದ್ದರು. ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಮುಖ ಕಂಡರೂ ಈತ ನಂಬಿಕಸ್ಥನೇ, ಸಮರ್ಥನೇ ಎಂದು ಜನ ತೀರ್ಮಾನಿಸಿಬಿಡುತ್ತಾರೆ ಎಂಬುದನ್ನು ಮನೋವಿಜ್ಞಾನಿಗಳಾದ ವಿಲ್ಲಿಸ್ ಮತ್ತು ಟೊಡೊರೊವ್ 2006ರಲ್ಲಿ ತೋರಿಸಿದ್ದಾರೆ. ಮಾಲೀಕರು ಮಾಡಿದ್ದು ಅನ್ಯಾಯವೆಂದು ನಾನು ಒಪ್ಪಿಕೊಂಡ ಮೇಲೆಯೇ ಆ ಯುವಕರು ನನ್ನ ಮುಂದೆ ಮಾಸ್ಕ್ ಇಳಿಸಿದರು. ಆದರೆ ಎಲ್ಲರೂ ಸದಾ ತನ್ನ ಮುಖವನ್ನೇ ನೋಡುತ್ತಾರೆಂಬ ಅವರ ನಂಬಿಕೆ ಬೇರೆಯದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಮುಜುಗರದ ಟೀಶರ್ಟ್ ತೊಡಿಸಿದ ವಿದ್ಯಾರ್ಥಿಗಳು ಕೋಣೆಯಲ್ಲಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಅದನ್ನು ಗಮನಿಸಿರಬಹುದೆಂದು ಊಹಿಸಿದ್ದರು. ಗಮನಿಸಿದ್ದವರು ಕಾಲುಭಾಗ ಮಾತ್ರ. ಇದನ್ನು ವಿವರಿಸಿ, ಯಾವಾಗಲೂ ಪಾರ್ಸೆಲ್ ಒಯ್ಯುತ್ತಿದ್ದ ಬೆಣ್ಣೆದೋಸೆ ಹೋಟೆಲಿನಲ್ಲೇ ಕುಳಿತು ತಿನ್ನಬೇಕು, ಎಷ್ಟು ಜನ ದಿಟ್ಟಿಸುತ್ತಾರೆಂದು ಮೊದಲೇ ಬರೆದಿಟ್ಟುಕೊಳ್ಳಬೇಕು ಎಂದೆ. ಚೀಟಿಯಲ್ಲಿ ಹತ್ತು ಎಂದು ಬರೆದಿದ್ದರು. ನೋಡಿದ್ದು ಎದುರು ಮೇಜಿನ ಒಂದು ಮಗು. ಫೋಟೊ ಹಿಗ್ಗಿಸಿ ನೋಡುವುದನ್ನು ಬಿಟ್ಟು, ಕನ್ನಡಿಯನ್ನು ಗಡ್ಡ ಕೆರೆಯುವ ಹೊತ್ತಿಗಷ್ಟೇ ಇರಿಸಿಕೊಳ್ಳಲು ಸೂಚಿಸಿದೆ.

ತಾಯಿಯೊಡನೆಯೂ ಮಾತನಾಡಬೇಕಾಯಿತು, ಏಕೆಂದರೆ ಮದುವೆ ದಲ್ಲಾಳಿಗೆ ಅವರು ಮೊದಲು ಹೇಳಿದ್ದೇ “ಹುಡುಗಿ ಬೆಳ್ಳಗಿರಬೇಕು” ಎಂದು, ಅದೂ ಮಗನ ಎದುರಿಗೇ. ಆ ಮಾತು ಮಗನಿಗೂ ನಾಟುತ್ತದೆ ಎಂದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, ಆ ಷರತ್ತು ಬೇಡವೆಂದು ದಲ್ಲಾಳಿಗೆ ತಿಳಿಸುತ್ತೇನೆಂದರು.

ಗಿರಾಕಿಗಳನ್ನು ಮಾತನಾಡಿಸುವ ಆ ಜಾಗವನ್ನು ಮತ್ತೆ ಕೇಳಬೇಕೋ, ಬೇರೆ ಅಂಗಡಿ ನೋಡಬೇಕೋ ಎಂಬುದನ್ನು ಯುವಕರಿಗೇ ಬಿಟ್ಟಿದ್ದೇನೆ. ಕೇಳುವುದಾದರೆ ಬಣ್ಣದ ಮಾತೆತ್ತದೆ, ಯಾವ ಊರಿನ ಯಾವ ಗಿರಾಕಿಯ ಬಾಕಿ ಎಷ್ಟೆಂಬುದು ತಮಗೆ ಬಾಯಿಪಾಠವಿರುವುದನ್ನು ಮಾಲೀಕರ ಮುಂದಿಡಲು ಹೇಳಿದ್ದೇನೆ.