ಉಗುರಿನ ಜೊತೆ ಬೆರಳೂ ಹೋಗುತ್ತದೆ

ಪತ್ರ: ನಮ್ಮ ಬೆಕ್ಕು ಸೋಫಾ ಹರಿದುಹಾಕಿದೆ. ವಯಸ್ಸಾದ ಅಮ್ಮನ ಕೈಗೂ ಪರಚಿದೆ. ಆಪರೇಷನ್ ಮಾಡಿಸಿ ಉಗುರು ತೆಗೆಸಿಬಿಟ್ಟರೆ ತಪ್ಪೇನು? ನಾವೂ ಉಗುರು ಕತ್ತರಿಸಿಕೊಳ್ಳುತ್ತೇವೆ ಅಲ್ವಾ?

ಉತ್ತರ: ಅಮ್ಮನ ಬಗ್ಗೆ ನಿಮ್ಮ ಕಾಳಜಿ ಸರಿಯಾದದ್ದೇ. ವಯಸ್ಸಾದವರ ಚರ್ಮ ತೆಳು, ಸಣ್ಣ ಗೀರೂ ಬೇಗ ಮಾಯುವುದಿಲ್ಲ. ಆದರೆ ನಿಮ್ಮ ಕೊನೆಯ ಮಾತು ಕೇಳಿ ಸುಮ್ನೆ ಇರಲಾರೆ. ಬೆಕ್ಕಿನ ಉಗುರು ಬೆಳೆಯುವುದು ಬೆರಳಿನ ಕೊನೆಯ ಮೂಳೆಯಿಂದ. ಅದು ಮತ್ತೆ ಬರಬಾರದು ಅಂದರೆ ಆ ಮೂಳೆಯನ್ನೇ ತೆಗೆಯಬೇಕು. ಮುಂಗಾಲಿನ ಹತ್ತೂ ಬೆರಳುಗಳ ತುದಿಗೆಣ್ಣು ಹೋಗುತ್ತದೆ. ಬೆಕ್ಕು ನಡೆಯುವುದೇ ಆ ಬೆರಳುಗಳ ಮೇಲೆ!

ಉಗುರು ತೆಗೆಸಿದ 137 ಬೆಕ್ಕುಗಳನ್ನು ಪರೀಕ್ಷಿಸಿದ ಅಧ್ಯಯನವೊಂದನ್ನು ಓದಿದ್ದೇನೆ. ಶೇ. 63ರಷ್ಟು ಬೆಕ್ಕುಗಳ ಪಂಜದಲ್ಲಿ ಮೂಳೆಯ ಚೂರು ಉಳಿದುಬಿಟ್ಟಿತ್ತು. ಬೆನ್ನುನೋವು, ಕಂಡಕಂಡಲ್ಲಿ ಉಚ್ಚೆ ಹೊಯ್ಯುವುದು, ಕಚ್ಚುವುದು ಉಗುರು ತೆಗೆಸದ ಬೆಕ್ಕುಗಳಿಗಿಂತ ಜಾಸ್ತಿ. ಪರಚುವುದು ನಿಂತು ಕಚ್ಚುವುದು ಶುರುವಾದರೆ ಅಮ್ಮನಿಗೇನು ಲಾಭ?

ಉಗುರಿನ ತುದಿ ಕತ್ತರಿಸುವುದನ್ನು ಕಲಿಯಿರಿ. ಊಟವಾಗಿ ತೂಕಡಿಸುವಾಗ ಬೆಕ್ಕನ್ನು ತೊಡೆಯ ಮೇಲೆ ಕೂರಿಸಿಕೊಳ್ಳಿ. ಬೆರಳನ್ನು ಮೆತ್ತಗೆ ಒತ್ತಿದರೆ ಉಗುರು ಹೊರಗೆ ಬರುತ್ತದೆ. ಒಳಗೆ ಗುಲಾಬಿ ಬಣ್ಣದ ಭಾಗ ಕಾಣುತ್ತದಲ್ಲ, ರಕ್ತ, ನರ ಇರುವುದು ಅಲ್ಲೇ. ಅದನ್ನು ಮುಟ್ಟದೆ ಚೂಪು ತುದಿಯನ್ನಷ್ಟೇ ತೆಗೆಯಿರಿ. ಒದ್ದಾಡಿದರೆ ಬಿಟ್ಟುಬಿಡಿ, ಉಳಿದ ಉಗುರು ನಾಳೆಗಿರಲಿ. ಅಕಸ್ಮಾತ್ ರಕ್ತ ಬಂದರೆ ಕಾರ್ನ್‌ಫ್ಲೋರ್ ಹಚ್ಚಿ ಒತ್ತಿಹಿಡಿಯಿರಿ. ಎರಡು ಮೂರು ವಾರಕ್ಕೊಮ್ಮೆ ಮಾಡಿದರೆ ಸಾಕು. ಅಷ್ಟಕ್ಕೂ ಧೈರ್ಯ ಬರದಿದ್ದರೆ ಉಗುರಿಗೆ ಅಂಟಿಸುವ ಮೆತ್ತನೆ ಪ್ಲಾಸ್ಟಿಕ್ ಟೊಪ್ಪಿಗಳಿವೆ. ನಾಲ್ಕರಿಂದ ಆರು ವಾರ ಇರುತ್ತವೆ.

ಇನ್ನು ಸೋಫಾ. ಬೆಕ್ಕು ಪರಚುವುದು ಸಿಟ್ಟಿನಿಂದಲ್ಲ. ಉಗುರಿನ ಹಳೇ ಪದರ ಉದುರಿಸಬೇಕು, ಮೈ ಚಾಚಬೇಕು, ಪಂಜದ ವಾಸನೆ ಬಿಡಬೇಕು. ಅದು ಪೂರ್ತಿ ಚಾಚಿ ನಿಲ್ಲುವಷ್ಟು ಎತ್ತರದ, ಅಲುಗಾಡದ ಕಂಬಕ್ಕೆ ಕತ್ತಾಳೆ ಹಗ್ಗ ಸುತ್ತಿ ಸೋಫಾದ ಪಕ್ಕದಲ್ಲೇ ನಿಲ್ಲಿಸಿ. ಯಾರೂ ಹೋಗದ ಮೂಲೆಯಲ್ಲಿಟ್ಟು, ಬೆಕ್ಕು ಮೂಸಿಯೂ ನೋಡಲಿಲ್ಲ ಎನ್ನಬೇಡಿ.

ನನ್ನ ಬೇಸರ ನಿಮ್ಮೊಬ್ಬರ ಮೇಲಲ್ಲ. ಬೊಗಳುತ್ತದೆ ಎಂದು ನಾಯಿಯ ಗಂಟಲಿಗೆ ಕತ್ತರಿ ಹಾಕಿಸುತ್ತಾರೆ. ಚೆಂದ ಕಾಣಲಿ ಎಂದು ಕಿವಿ, ಬಾಲ ಕತ್ತರಿಸುತ್ತಾರೆ. ಜೀವ ಬೇಕು, ಅದರ ಸ್ವಭಾವ ಮಾತ್ರ ಬೇಡ! ಯುರೋಪಿನ ಸಾಕುಪ್ರಾಣಿ ಒಪ್ಪಂದ 1987ರಲ್ಲೇ ಇದನ್ನೆಲ್ಲ ಬೇಡವೆಂದಿತು. ಅಮೆರಿಕದಲ್ಲಿ ಉಗುರು ತೆಗೆಸುವುದನ್ನು ನಿಷೇಧಿಸಿದ ಮೊದಲ ರಾಜ್ಯ ನ್ಯೂಯಾರ್ಕ್. ಅದೂ 2019ರಲ್ಲಿ. ಇಷ್ಟು ತಡವೇಕೆ ಎಂಬುದಕ್ಕೆ ನನಗೆ ಒಪ್ಪುವಂಥ ಉತ್ತರ ಇನ್ನೂ ಸಿಕ್ಕಿಲ್ಲ.

ಆಪರೇಷನ್ ಯೋಚನೆ ಬಿಡಿ. ಕಂಬ ನಿಲ್ಲಿಸಿ, ಒಂದು ತಿಂಗಳು ಕಳೆದ ಮೇಲೆ ಮತ್ತೆ ಬರೆಯಿರಿ.