ಭಕ್ತಿಗೆ ಬಹುಮತ ಬೇಕೇ?

ಪ್ರಶ್ನೆ: ದಿನವೂ ದೇವರ ಮುಂದೆ ದೀಪ ಹಚ್ಚುವವಳು ನಾನು. ಆದರೂ ಚುನಾವಣಾ ಸಭೆಯಲ್ಲಿ ದೇವರ ಜಯಕಾರ ಹಾಕಿಸಿ, ಕೂಗದವರ ದೇಶಪ್ರೇಮವನ್ನೇ ಅನುಮಾನಿಸುವ ಭಾಷಣ ಕೇಳಿದರೆ ಕಸಿವಿಸಿಯಾಗುತ್ತದೆ. ಮನೆಯವರು ‘ನಿನ್ನ ಭಕ್ತಿ ಅಷ್ಟೇ’ ಎನ್ನುತ್ತಾರೆ. ಕೊರತೆ ನನ್ನಲ್ಲೇ ಇದೆಯೇ?
– ಓದುಗರೊಬ್ಬರು, ಸಾಗರ

ಉತ್ತರ: ಖಂಡಿತ ಇಲ್ಲ, ತಾಯಿ. ನಾನು ಶಿವರಾತ್ರಿಗೆ ಧರ್ಮಸ್ಥಳಕ್ಕೆ ಪಾದಯಾತ್ರೆ ಹೋಗುವವನು. ಚಾರ್ಮಾಡಿ ಘಾಟಿಯಲ್ಲಿ ಮಜ್ಜಿಗೆ ಕೊಡುವವರು ನಿನ್ನ ಪಕ್ಷ ಯಾವುದೆಂದು ಕೇಳಿದ್ದಿಲ್ಲ. ಅದೇ ದೇವರ ಹೆಸರು ಮೈಕಿಗೆ ಬಂದೊಡನೆ ಲೆಕ್ಕ ಶುರುವಾಗುತ್ತದೆ. ನನಗೆ ನೋವಾಗುವುದು ಅಲ್ಲಿ.

1949ರ ಅಕ್ಟೋಬರ್ 17ರಂದು ಸಂವಿಧಾನ ಸಭೆಯಲ್ಲಿ ಪ್ರಸ್ತಾವನೆಯ ಚರ್ಚೆ ನಡೆದಿತ್ತು. ಅದು ‘ದೇವರ ಹೆಸರಿನಲ್ಲಿ’ ಎಂದು ಆರಂಭವಾಗಬೇಕೆಂದು ತಿದ್ದುಪಡಿ ತಂದವರು ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್. ಅವರ ಶ್ರದ್ಧೆ ಅಪ್ಪಟವಾದದ್ದು. ಅದರಲ್ಲಿ ಓಟಿನ ಆಸೆ ಇರಲಿಲ್ಲ. ಆದರೆ ಎದುರು ನಿಂತವರನ್ನೂ ನೋಡಿ. ತಿರುವಾಂಕೂರಿನ ಪಟ್ಟಂ ತಾಣು ಪಿಳ್ಳೆ ತಾವು ಆಸ್ತಿಕರೆಂದು ಹೇಳಿಕೊಂಡೇ ವಿರೋಧಿಸಿದರು. ದೇವರನ್ನು ನಂಬುವ ಹಕ್ಕೂ ನಂಬದಿರುವ ಹಕ್ಕೂ ಮನುಷ್ಯನಿಗಿದೆ, ಇದು ನಂಬಿಕೆಯಲ್ಲಿ ಬಲವಂತವಾದೀತು ಎಂಬುದು ಅವರ ವಾದ. ದೇವರ ಬಗ್ಗೆ ಮತ ಹಾಕುವ ಮುಜುಗರಕ್ಕೆ ನಮ್ಮನ್ನು ಗುರಿಮಾಡಬೇಡಿ ಎಂದು ಪೂರ್ಣಿಮಾ ಬ್ಯಾನರ್ಜಿ ಕೇಳಿಕೊಂಡರು. ಕಾಮತ್ ಪಟ್ಟು ಬಿಡಲಿಲ್ಲ. ಪರವಾಗಿ 41, ವಿರುದ್ಧವಾಗಿ 68 ಮತ ಬಿದ್ದವು. ಆ 68 ಮಂದಿಯಲ್ಲಿ ಮನೆಗೆ ಹೋಗಿ ಪೂಜೆಗೋ ನಮಾಜಿಗೋ ಕುಳಿತವರೇ ಹೆಚ್ಚಿದ್ದಿರಬೇಕು ಎಂದು ನಾನು ನಂಬುತ್ತೇನೆ. ಅವರಾರೂ ದೇವರನ್ನು ಸೋಲಿಸಲಿಲ್ಲ. ದೇವರನ್ನು ನಂಬದವನೂ ಈ ದೇಶದವನೇ ಎಂದರು, ಅಷ್ಟೇ. ನಮ್ಮ ಸಂವಿಧಾನದಲ್ಲಿ ಮಂತ್ರಿಯಾಗುವವರು ದೇವರ ಹೆಸರಿನಲ್ಲಾದರೂ ಪ್ರಮಾಣ ಮಾಡಬಹುದು, ಸತ್ಯನಿಷ್ಠೆಯಿಂದಲಾದರೂ ದೃಢೀಕರಿಸಬಹುದು. ಎರಡಕ್ಕೂ ಒಂದೇ ತೂಕ.

ಕಾನೂನಿನ ಮಾತು ಹೇಳುವುದಾದರೆ, ಧರ್ಮದ ಹೆಸರಿನಲ್ಲಿ ಮತ ಯಾಚಿಸುವುದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123(3)ನೇ ಸೆಕ್ಷನ್ ಪ್ರಕಾರ ಭ್ರಷ್ಟ ಆಚರಣೆ. ಅಭ್ಯರ್ಥಿಯ ಧರ್ಮವಷ್ಟೇ ಅಲ್ಲ, ಮತದಾರರ ಧರ್ಮವನ್ನು ಮುಂದಿಟ್ಟರೂ ತಪ್ಪೇ ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2017ರ ಜನವರಿಯಲ್ಲಿ 4–3ರ ಬಹುಮತದಿಂದ ಹೇಳಿದೆ. ಆದರೆ ಗೆದ್ದವರ ವಿರುದ್ಧ 45 ದಿನಗಳೊಳಗೆ ಹೈಕೋರ್ಟಿಗೆ ಅರ್ಜಿ ಹಾಕಿ, ಸಾಕ್ಷ್ಯ ಒದಗಿಸಿ ಸಾಬೀತುಪಡಿಸಬೇಕು. ಮತ ಕೊಡಿ ಎನ್ನದೆ ಬರೀ ಜಯಕಾರ ಹಾಕಿಸಿದವರು ಜಾರಿಕೊಳ್ಳುವುದು ಸುಲಭ.

ಆದ್ದರಿಂದ ಸಭೆಯಲ್ಲಿ ಕೂಗಲು ಮನಸ್ಸಿಲ್ಲದಿದ್ದರೆ ಸುಮ್ಮನೆ ಕುಳಿತಿರಿ. ಪಕ್ಕದವರು ತಿರುಗಿ ನೋಡಿದರೆ ನೋಡಲಿ. ಸಂವಿಧಾನ ಸಭೆಯ ನಡಾವಳಿ ಅಂತರ್ಜಾಲದಲ್ಲಿ ಸಿಗುತ್ತದೆ. ಇಂಗ್ಲಿಷ್ ಬಲ್ಲ ಮಕ್ಕಳಿದ್ದರೆ, ತಾಣು ಪಿಳ್ಳೆಯವರ ಮಾತಿರುವ ಪುಟವನ್ನು ಮನೆಯವರ ಎದುರಿಗೇ ಗಟ್ಟಿಯಾಗಿ ಓದಿಸಿ.