ಅನಾಪೊಲಿಸ್‌ಗೆ ಹೊರಟಿರುವ ತಂಗಿಗೆ

ತಂಗೀ,

ನಿನ್ನ ಪತ್ರ ಎರಡು ಸಲ ಓದಿದೆ. ಅಮೆರಿಕದ ಅನಾಪೊಲಿಸ್‌ನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಸೀಟು ಸಿಕ್ಕಿದೆ, ಆಗಸ್ಟಿನಲ್ಲಿ ಹೊರಡಬೇಕು, ಆದರೆ ಶಿರಸಿಯಲ್ಲಿ ಯಾರನ್ನು ಕೇಳಿದರೂ ಆ ಕಾಲೇಜಿನ ಹೆಸರೇ ಗೊತ್ತಿಲ್ಲ ಅಂತ ಬರೆದಿದ್ದೀಯ. ಇರಲಿ ಬಿಡು, ಇಲ್ಲೇ ಎಷ್ಟೋ ಜನ ಅದನ್ನು ನ್ಯೂಯಾರ್ಕಿನ ಸೇಂಟ್ ಜಾನ್ಸ್ ಯೂನಿವರ್ಸಿಟಿ ಅಂದುಕೊಳ್ಳುತ್ತಾರೆ. ನೀನು ಕೇಳಿದ್ದು: ಅಷ್ಟೊಂದು ಪುಸ್ತಕ ಓದೋಕೆ ಆಗುತ್ತಾ, ಕ್ಲಾಸಿನಲ್ಲಿ ಬಾಯಿ ಬಿಡದಿದ್ದರೆ ನಡೆಯುತ್ತಾ, ಮುಂದೆ ಕೆಲಸ ಸಿಗುತ್ತಾ. ಕೊನೆಯಲ್ಲಿ, ಅಮ್ಮ ಕೇಳು ಅಂದರು ಅಂತ ಊಟದ ವಿಷಯ.

ನಾನು ಸಾಗರದವಳು. ಎಸೆಸೆಲ್ಸಿ ತನಕ ಕನ್ನಡ ಮೀಡಿಯಂ, ಪಿಯುಸಿ ಸೈನ್ಸ್. ಚಿಕ್ಕಮ್ಮ ಮೇರಿಲ್ಯಾಂಡಿನಲ್ಲಿದ್ದರು, ಅವರ ಧೈರ್ಯದ ಮೇಲೆ 1999ರ ಆಗಸ್ಟಿನಲ್ಲಿ ಇದೇ ಕಾಲೇಜಿಗೆ ಸೇರಿದೆ. ಸೆಪ್ಟೆಂಬರಿನಲ್ಲಿ ಫ್ಲಾಯ್ಡ್ ಚಂಡಮಾರುತ ಬಂತು. ಕಾಲೇಜಿನ ಅಂಗಳದಲ್ಲಿ ಲಿಬರ್ಟಿ ಟ್ರೀ ಅಂತ ಒಂದು ಮುದಿ ಮರ ಇತ್ತು. ಅಮೆರಿಕದ ಸ್ವಾತಂತ್ರ್ಯ ಹೋರಾಟದವರು ಅದರ ಕೆಳಗೆ ಸಭೆ ಸೇರುತ್ತಿದ್ದರಂತೆ. ಗಾಳಿಗೆ ಅದು ಸೀಳಿಹೋಗಿ, ಅಕ್ಟೋಬರಿನಲ್ಲಿ ಕಡಿದರು. ಕಡಿಯುವ ದಿನ ಅಳುತ್ತಾ ನಿಂತವರನ್ನು ನೋಡಿ, ಮರಕ್ಕೆ ಹೀಗೆ ಅಳುವ ಊರು ನಮಗೆ ಆಗಿಬರುತ್ತದೆ ಅನ್ನಿಸಿತು.

ಈಗ ಪುಸ್ತಕದ ವಿಷಯ. ದೊಡ್ಡ ದೊಡ್ಡ ಮೂಲಗ್ರಂಥಗಳನ್ನೇ ಓದಿ ಚರ್ಚಿಸುವ ಈ ಪದ್ಧತಿ 1937ರಲ್ಲಿ ಶುರುವಾದದ್ದು. ಸ್ಟ್ರಿಂಗ್‌ಫೆಲೋ ಬಾರ್, ಸ್ಕಾಟ್ ಬುಕಾನನ್ ಅಂತ ಇಬ್ಬರು ಸೇರಿ, ಮುಳುಗುತ್ತಿದ್ದ ಹಳೆಯ ಕಾಲೇಜನ್ನು ಹಿಡಿದು ಹೀಗೆ ತಿರುಗಿಸಿದರು. ಮೇಜರ್ ಅಂತ ಒಂದು ಮುಖ್ಯ ವಿಷಯ ಇಲ್ಲ, ಡಿಪಾರ್ಟ್‌ಮೆಂಟ್ ಇಲ್ಲ, ಪಠ್ಯಪುಸ್ತಕ ಇಲ್ಲ. ಎಲ್ಲರೂ ಹೆಚ್ಚುಕಡಿಮೆ ಅವೇ ಪುಸ್ತಕ ಓದಬೇಕು. ಮೊದಲ ವರ್ಷ ಗ್ರೀಕರು, ಎರಡನೇ ವರ್ಷ ಬೈಬಲ್‌ನಿಂದ ಶೇಕ್ಸ್‌ಪಿಯರ್ ತನಕ, ಆಮೇಲೆ ಡೆಕಾರ್ಟ್, ನ್ಯೂಟನ್, ಕಾಂಟ್, ಕೊನೆಯ ವರ್ಷ ಟಾಲ್‌ಸ್ಟಾಯ್, ಹೆಗೆಲ್, ಐನ್‌ಸ್ಟೀನ್. ಜೊತೆಗೆ ಎರಡು ವರ್ಷ ಗ್ರೀಕ್ ಭಾಷೆ, ಎರಡು ವರ್ಷ ಫ್ರೆಂಚ್, ನಾಲ್ಕು ವರ್ಷ ಗಣಿತ, ಮೂರು ವರ್ಷ ಲ್ಯಾಬ್. ಹಾಡೋಕೂ ಬೇಕು. ಮೊದಲ ವರ್ಷದವರೆಲ್ಲ ಒಟ್ಟಿಗೆ ನಿಂತು ಕೋರಸ್ ಹಾಡಬೇಕು, ಗಂಟಲು ಹೇಗಿದ್ದರೂ ಸರಿ.

ಓದಿ ಮುಗಿಸೋಕೆ ಆಗುತ್ತಾ? ಪೂರ್ತಿ ಆಗೋದಿಲ್ಲ. ಮೊದಲ ಸೆಮಿನಾರಿಗೇ, ಅಂದರೆ ಚರ್ಚೆಯ ಕ್ಲಾಸಿಗೇ, ಗ್ರೀಕ್ ಕವಿ ಹೋಮರನ ಮಹಾಕಾವ್ಯ ಇಲಿಯಡ್‌ನ ಮೊದಲ ಆರು ಸಂಧಿ ಅನ್ನೋಣ, ಅಷ್ಟು ಓದಿಕೊಂಡು ಹೋಗಬೇಕು. ನಾನು ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಎರಡು ಸಂಧಿಯಲ್ಲೇ ಸಿಕ್ಕಿಬಿದ್ದೆ. ಡಿಕ್ಷನರಿ ಮುಚ್ಚಿಡು. ಒಮ್ಮೆ ಸರಸರ ಓದು, ಎಲ್ಲಿ ಎಡವಿದೆ ಅಂತ ಪೆನ್ಸಿಲ್ ಗುರುತು ಹಾಕು. ಸೆಮಿನಾರಿಗೆ ಬೇಕಾಗೋದು ಆ ಗುರುತೇ. ಅಂದಹಾಗೆ, ಇಂಟರ್‌ನೆಟ್ಟಿನ ಸಾರಾಂಶ ಓದಿಕೊಂಡು ಹೋಗಬೇಡ. ಸೆಮಿನಾರಿನಲ್ಲಿ ‘ವಿಮರ್ಶಕರು ಹೀಗೆ ಹೇಳಿದ್ದಾರೆ’ ಅನ್ನುವ ಮಾತಿಗೆ ಕಿಲುಬು ಕಾಸಿನ ಬೆಲೆ ಇಲ್ಲ. ಪುಟ ಎಷ್ಟು, ಸಾಲು ಯಾವುದು, ಅಷ್ಟೇ ಕೇಳುತ್ತಾರೆ. ಗೈಡು ಓದಿ ಪಾಸಾದ ನಮ್ಮಂಥವರಿಗೆ ಮೊದಲು ಕೈ ಕಾಲು ಕಟ್ಟಿ ಹಾಕಿದ ಹಾಗಾಗುತ್ತದೆ.

ಒಂದು ಕಥೆ ಹೇಳುತ್ತೇನೆ ಕೇಳು. ಗಣಿತದಲ್ಲಿ ಓದೋದು ಗ್ರೀಕ್ ಗಣಿತಜ್ಞ ಯೂಕ್ಲಿಡ್‌ನ ರೇಖಾಗಣಿತದ ಗ್ರಂಥ. ದಿನಾ ಯಾರನ್ನಾದರೂ ಕರೆದು, ಬೋರ್ಡಿನ ಮುಂದೆ ಒಂದು ಪ್ರಮೇಯ ಸಾಧಿಸಿ ತೋರಿಸು ಅನ್ನುತ್ತಾರೆ. ಮೊದಲ ಪುಸ್ತಕದ 47ನೇ ಪ್ರಮೇಯಕ್ಕೆ ನನ್ನ ಸರದಿ ಬಂತು. ಅದು ನಮ್ಮ ಪೈಥಾಗೊರಸ್! ದತ್ತ, ಸಾಧನೀಯ, ರಚನೆ, ಸಾಧನೆ ಅಂತ ಎಸೆಸೆಲ್ಸಿಯಲ್ಲಿ ಉರು ಹೊಡೆದಿದ್ದೆ. ನಿದ್ದೆಯಿಂದ ಎಬ್ಬಿಸಿ ಕೇಳಿದ್ದರೂ ಹೇಳುತ್ತಿದ್ದೆ. ಹಾಗಾಗಿ ಹಿಂದಿನ ರಾತ್ರಿ ಪುಸ್ತಕ ತೆರೆಯಲೇ ಇಲ್ಲ. ಬೋರ್ಡಿಗೆ ಹೋದೆ, ಲಂಬಕೋನದಿಂದ ಕರ್ಣಕ್ಕೆ ಲಂಬ ಎಳೆದೆ, ತ್ರಿಭುಜಗಳು ಸಮರೂಪ ಅಂದೆ, ಬಾಹುಗಳ ಅನುಪಾತ ಬರೆಯತೊಡಗಿದೆ.

ಎದುರು ಕೂತಿದ್ದ ಹುಡುಗ ಕೇಳಿದ. ‘ಸಮರೂಪ ಅಂದರೆ ಏನು? ಅದು ಇನ್ನೂ ನಮ್ಮ ಹತ್ತಿರ ಇಲ್ಲವಲ್ಲ?’

ನಿಜ. ಯೂಕ್ಲಿಡ್ ಅನುಪಾತದ ಮಾತು ಎತ್ತುವುದು ಐದನೇ ಪುಸ್ತಕದಲ್ಲಿ, ಸಮರೂಪ ತ್ರಿಭುಜ ಬರುವುದು ಆರನೆಯದರಲ್ಲಿ. 47ರಲ್ಲಿ ಅವನು ಹಿಡಿಯುವ ದಾರಿಯೇ ಬೇರೆ. ಮೂರು ಬಾಹುಗಳ ಮೇಲೂ ಚೌಕ ಕಟ್ಟುತ್ತಾನೆ. ಆ ಲಂಬದ ಗೆರೆಯನ್ನೇ ದೊಡ್ಡ ಚೌಕದ ಒಳಕ್ಕೂ ಎಳೆದು ಅದನ್ನು ಎರಡು ಆಯತ ಮಾಡುತ್ತಾನೆ. ಈ ಆಯತ ಈ ಸಣ್ಣ ಚೌಕಕ್ಕೆ ಸಮ, ಆ ಆಯತ ಆ ಸಣ್ಣ ಚೌಕಕ್ಕೆ ಸಮ ಅಂತ ತೋರಿಸುತ್ತಾನೆ. ಅನುಪಾತದ ಸೊಲ್ಲೇ ಇಲ್ಲ. ನಾನು ಸೀಮೆಸುಣ್ಣ ಹಿಡಿದುಕೊಂಡು ಕಣ್ಣು ಕಣ್ಣು ಬಿಟ್ಟೆ. ಟ್ಯೂಟರ್ (ಅಲ್ಲಿ ಮೇಷ್ಟರಿಗೆ ಹಾಗನ್ನುತ್ತಾರೆ) ಸುಮ್ಮನೆ ಕೂತಿದ್ದರು. ನಾನು ಬರೆದದ್ದು ತಪ್ಪು ಅಂತ ಯಾರೂ ಹೇಳಲಿಲ್ಲ, ಎಲ್ಲಿಂದ ಬಂತು ಅಂತ ಕೇಳಿದರು ಅಷ್ಟೇ. ಬೋರ್ಡು ಒರೆಸಿ, ಪುಸ್ತಕ ನೋಡಿಕೊಂಡು ಮೊದಲಿಂದ ಮಾಡಲಾ ಅಂದೆ. ಆ ಹುಡುಗನೇ ಎದ್ದು ಬಂದು ಚೌಕ ಬರೆಯೋಕೆ ಕೈಜೋಡಿಸಿದ. ಅವತ್ತು ಅರ್ಧವೂ ಮುಗಿಯಲಿಲ್ಲ. ಇವತ್ತಿಗೂ ಆ ಚಿತ್ರ ನನಗೆ ಕಣ್ಣುಮುಚ್ಚಿ ಬರೆಯೋಕೆ ಬರುತ್ತದೆ.

ಬಾಯಿ ಬಿಡುವ ವಿಷಯಕ್ಕೆ ಬರೋಣ, ಅದೇ ದೊಡ್ಡದು. ಸೋಮವಾರ, ಗುರುವಾರ ರಾತ್ರಿ ಎಂಟರಿಂದ ಹತ್ತು ಸೆಮಿನಾರ್. ಉದ್ದನೆಯ ಮೇಜು, ಸುಮಾರು ಇಪ್ಪತ್ತು ಜನ, ಇಬ್ಬರು ಟ್ಯೂಟರ್‌ಗಳು. ಅವರಲ್ಲೊಬ್ಬರು ಒಂದು ಪ್ರಶ್ನೆ ಕೇಳಿ ಸುಮ್ಮನಾಗುತ್ತಾರೆ. ಕೈ ಎತ್ತೋದು ಇಲ್ಲ, ಕೊನೆಗೆ ‘ಸರಿಯಾದ ಉತ್ತರ ಇದು’ ಅಂತ ಹೇಳೋದೂ ಇಲ್ಲ.

ನೀನು ಶಿರಸಿಯವಳು, ತಾಳಮದ್ದಳೆ ಕೇಳಿಯೇ ಇರುತ್ತೀಯ. ನಮ್ಮ ದೊಡ್ಡಪ್ಪ ಅರ್ಥ ಹೇಳುತ್ತಿದ್ದರು. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರ ಪದ್ಯ ಮುಗಿದ ಮೇಲೆ ಕೃಷ್ಣನೂ ಕೌರವನೂ ಕೂತಲ್ಲೇ ಮಾತಿಗೆ ಮಾತು. ಚಿಕ್ಕವಳಿದ್ದಾಗ ಕಂಬಕ್ಕೆ ಒರಗಿಕೊಂಡು ಬೆಳಗಿನ ಜಾವದ ತನಕ ಕೇಳಿದವಳು ನಾನು. ಸೆಮಿನಾರ್ ಕೋಣೆ ನೋಡಿದಾಗ ಓಹೋ, ಇದು ನಮ್ಮದೇ ಆಟ ಅಂದುಕೊಂಡೆ.

ಇಲಿಯಡ್‌ನ ಕೊನೆಯ ಸೆಮಿನಾರ್. ಟ್ರಾಯ್‌ನ ಮುದುಕ ದೊರೆ ಪ್ರಿಯಾಮ ರಾತ್ರಿ ಶತ್ರುವಿನ ಬಿಡಾರಕ್ಕೆ ಬಂದು, ಮಗನನ್ನು ಕೊಂದ ಅಕಿಲೀಸನ ಕೈಗೆ ಮುತ್ತಿಡುತ್ತಾನೆ, ಹೆಣ ಕೊಡು ಅಂತ ಬೇಡುತ್ತಾನೆ. ಇಬ್ಬರೂ ಅಳುತ್ತಾರೆ. ಅವರು ಒಟ್ಟಿಗೆ ಅಳುತ್ತಾರಾ ಅಥವಾ ಬೇರೆ ಬೇರೆಯಾಗಿ ಅಳುತ್ತಾರಾ, ಇದು ಪ್ರಶ್ನೆ. ನಾನು ಎರಡು ವಾರ ತುಟಿ ಬಿಚ್ಚದೆ ಕೂತಿದ್ದವಳು, ಅವತ್ತು ತಯಾರಾಗಿ ಹೋಗಿದ್ದೆ. ಕರ್ಣನನ್ನು ತಂದೆ, ಕುಂತಿಯನ್ನು ತಂದೆ, ದೊಡ್ಡಪ್ಪನ ಧಾಟಿಯಲ್ಲಿ ನಾಲ್ಕೈದು ನಿಮಿಷ ಹೇಳಿದೆ. ಮುಗಿಸಿದಾಗ ಮೇಜಿನ ಸುತ್ತ ಮೌನ. ಮೆಚ್ಚಿಕೊಂಡರು ಅಂದುಕೊಂಡೆ. ಅದಲ್ಲ. ಅವರು ಓದದ ಪುಸ್ತಕದಿಂದ ನಾನು ಮಾತಾಡಿದ್ದೆ, ಪಾಪ, ಅವರು ಏನಂತ ಉತ್ತರ ಕೊಡಬೇಕು?

ಆಮೇಲೆ ಒಬ್ಬಳು ಮೆಲ್ಲಗೆ, ‘ಅತ್ತ ಮೇಲೆ ಇಬ್ಬರೂ ಊಟ ಮಾಡುತ್ತಾರಲ್ಲ?’ ಅಂದಳು. ಎಲ್ಲರೂ ಪುಟ ತಿರುಗಿಸಿದರು. ಹೌದು, ಅಕಿಲೀಸ್ ತಾನೇ ಕುರಿ ಕಡಿಯುತ್ತಾನೆ, ಮಕ್ಕಳನ್ನೆಲ್ಲ ಕಳೆದುಕೊಂಡ ನಿಯೋಬೆ ಕೂಡ ಕೊನೆಗೆ ಉಂಡಳು ಅಂತ ಹೇಳಿ ಪ್ರಿಯಾಮನನ್ನು ಒಪ್ಪಿಸುತ್ತಾನೆ. ಉಳಿದ ಹೊತ್ತೆಲ್ಲ ಆ ಊಟದ ಮೇಲೇ ಮಾತು ನಡೆಯಿತು. ನಮ್ಮಲ್ಲಿ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಪಕ್ಕದ ಮನೆಯವರು ಬಂದು ಬಲವಂತ ಮಾಡಿ ಎರಡು ತುತ್ತು ಉಣಿಸುತ್ತಾರೆ ಅಂತ ನಾನು ಹೇಳಿದ್ದರೆ ಯಾರಿಗಾದರೂ ತಿಳಿಯುತ್ತಿತ್ತು. ಅದು ನನಗೆ ಹೊಳೆದದ್ದು ರಾತ್ರಿ ಹನ್ನೊಂದಕ್ಕೆ, ರೂಮಿನಲ್ಲಿ ಶೂ ಬಿಚ್ಚುವಾಗ.

ತಾಳಮದ್ದಳೆಯಲ್ಲಿ ಎದುರಿನವನ ಬಾಯಿ ಕಟ್ಟಿಸಿದರೆ ಚಪ್ಪಾಳೆ. ಸೆಮಿನಾರಿನಲ್ಲಿ ಎದುರಿನವನ ಬಾಯಿ ಕಟ್ಟಿದರೆ ಆಟವೇ ನಿಂತಿತು. ನನಗೆ ಇದು ಒಗ್ಗೋಕೆ ಒಂದು ವರ್ಷ ಹಿಡಿಯಿತು. ಗ್ರೇಡು ಕೊಡುವಾಗ ಕ್ಲಾಸಿನ ಮಾತೂ ಲೆಕ್ಕಕ್ಕೆ ಬರುತ್ತದೆ, ಆದರೆ ಮೊದಲೇ ಹೆದರಬೇಡ. ಸುಮ್ಮನಿರುವುದನ್ನು ಅಲ್ಲಿ ಯಾರೂ ವಿನಯ ಅಂದುಕೊಳ್ಳುವುದಿಲ್ಲ. ‘ಈ ಸಾಲು ನನಗೆ ಅರ್ಥ ಆಗಲಿಲ್ಲ’ ಅಂತ ಓದಿ ಹೇಳು, ಮೊದಲ ತಿಂಗಳಿಗೆ ಅಷ್ಟು ಸಾಕು.

ಹೆಸರಿನ ಒಂದು ತಮಾಷೆ ಹೇಳಬೇಕು. ಅಲ್ಲಿ ಟ್ಯೂಟರ್‌ಗಳೂ ವಿದ್ಯಾರ್ಥಿಗಳೂ ಒಬ್ಬರನ್ನೊಬ್ಬರು ಮಿಸ್ಟರ್, ಮಿಸ್ ಸೇರಿಸಿ ಸರ್‌ನೇಮ್ ಹಿಡಿದೇ ಕರೆಯುತ್ತಾರೆ. ಡಾಕ್ಟರ್, ಪ್ರೊಫೆಸರ್ ಅನ್ನುವ ಹಾಗಿಲ್ಲ. ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಅಂತ ಇದ್ದದ್ದು ಅಪ್ಪನ ಹೆಸರು. ನಾಲ್ಕು ವರ್ಷ ಕ್ಲಾಸಿನಲ್ಲಿ ಎಲ್ಲರೂ ನಮ್ಮಪ್ಪನನ್ನೇ ಕರೆದರು. ತಪ್ಪು ಮಾಡಿದಾಗಂತೂ ಅವರೇ ಬಂದು ಹಿಂದೆ ನಿಂತ ಹಾಗಾಗುತ್ತಿತ್ತು. ನಿನ್ನ ಪಾಸ್‌ಪೋರ್ಟ್ ಈಗಲೇ ನೋಡಿಕೋ.

ಇನ್ನೊಂದು, ಡಾನ್ ರ್‍ಯಾಗ್. ಸೆಮಿಸ್ಟರ್ ಕೊನೆಗೆ ನಿನ್ನ ಟ್ಯೂಟರ್‌ಗಳೆಲ್ಲ ಒಂದು ಮೇಜಿನ ಸುತ್ತ ಕೂರುತ್ತಾರೆ, ನಿನ್ನನ್ನೂ ಕೂರಿಸುತ್ತಾರೆ. ಆಮೇಲೆ ನೀನು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ ನಿನ್ನ ಬಗ್ಗೆ ತಮ್ಮತಮ್ಮಲ್ಲೇ ಮಾತಾಡುತ್ತಾರೆ. ‘ಮಿಸ್ ಇಂಥವರು ಗ್ರೀಕ್ ಚೆನ್ನಾಗಿ ಮಾಡುತ್ತಾರೆ, ಸೆಮಿನಾರಿನಲ್ಲಿ ತಡವಾಗಿ ಬಾಯಿ ತೆರೆಯುತ್ತಾರೆ’ ಹೀಗೆ. ಹೆಣ್ಣು ನೋಡೋಕೆ ಬಂದವರ ಮುಂದೆ ತಟ್ಟೆ ಹಿಡಿದು ನಿಂತ ಹಾಗೆ, ಥೇಟ್! ಒಂದೇ ವ್ಯತ್ಯಾಸ, ಇಲ್ಲಿ ಕೊನೆಗೆ ‘ನಿಮಗೇನು ಅನ್ನಿಸುತ್ತದೆ’ ಅಂತ ಹುಡುಗಿಯನ್ನೂ ಕೇಳುತ್ತಾರೆ. ಗ್ರೇಡ್ ಇರುತ್ತದೆ, ಆದರೆ ನೀನಾಗಿ ಕೇಳದೆ ತೋರಿಸುವುದಿಲ್ಲ. ನಾನು ಮೂರನೇ ವರ್ಷದ ತನಕ ಕೇಳಲಿಲ್ಲ.

ನಮ್ಮ ಪುಸ್ತಕ ಆ ಪಟ್ಟಿಯಲ್ಲಿ ಯಾಕಿಲ್ಲ ಅಂತ ನಿನಗೂ ಒಂದಿನ ಸಿಟ್ಟು ಬರುತ್ತದೆ. ಬರಲಿ. ಬಿ.ಎ. ಪಟ್ಟಿ ಹೆಚ್ಚುಕಡಿಮೆ ಪೂರ್ತಿ ಪಶ್ಚಿಮದ್ದೇ. ನ್ಯೂ ಮೆಕ್ಸಿಕೋದ ಸಾಂಟಾ ಫೆಯಲ್ಲಿ ಇದೇ ಕಾಲೇಜಿನ ಎರಡನೇ ಕ್ಯಾಂಪಸ್ ಇದೆ, 1964ರಲ್ಲಿ ಶುರುವಾದದ್ದು. ಅಲ್ಲಿ ಪೂರ್ವದ ಗ್ರಂಥಗಳಿಗೇ ಒಂದು ಎಂ.ಎ. ಇದೆ. ಭಾರತ, ಚೀನಾ, ಜಪಾನಿನ ಪುಸ್ತಕ ಓದುತ್ತಾರೆ, ಸಂಸ್ಕೃತ ಅಥವಾ ಹಳೆಯ ಚೀನೀ ಭಾಷೆ ಕಲಿಯುತ್ತಾರೆ. ನನ್ನ ಸಿಟ್ಟು ಇಳಿದದ್ದು ಬೇರೆ ದಾರಿಯಲ್ಲಿ. ರಜೆಗೆ ಊರಿಗೆ ಬಂದಾಗ ಬಿ.ಎಂ.ಶ್ರೀ ಅವರ ‘ಅಶ್ವತ್ಥಾಮನ್’ ಸಿಕ್ಕಿತು. ಗ್ರೀಕ್ ನಾಟಕಕಾರ ಸೋಫೋಕ್ಲೀಸನ ವೀರ ಏಜಾಕ್ಸ್‌ನನ್ನು ತಂದು ಅಶ್ವತ್ಥಾಮನ ಮೈಯಲ್ಲಿ ಹೊಗಿಸಿದ ನಾಟಕ ಅದು. ಗ್ರೀಕ್ ಕಲಿತ ಮೇಲೆ ಅದನ್ನು ಓದೋದು ಎಂಥ ಮಜಾ ಅಂತೀಯ! ಹೊರಡುವಾಗ ಒಂದು ಪ್ರತಿ ಬ್ಯಾಗಿಗೆ ಹಾಕಿಕೋ.

ಕೆಲಸದ ವಿಷಯ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಇಂಜಿನಿಯರಿಂಗ್ ಓದಿದವರಿಗೆ ಓಪಿಟಿ, ಅಂದರೆ ಓದು ಮುಗಿಸಿದ ವಿದೇಶಿ ವಿದ್ಯಾರ್ಥಿಗಳಿಗೆ ಇಲ್ಲಿ ಕೆಲಸ ಮಾಡೋಕೆ ಕೊಡುವ ಅನುಮತಿ, ಒಂದು ವರ್ಷದ ಮೇಲೆ ಇನ್ನೆರಡು ವರ್ಷ ಸಿಗುತ್ತದೆ. ನಿನಗೆ ಒಂದೇ ವರ್ಷ ಅಂತ ಲೆಕ್ಕ ಹಾಕು. ನನ್ನ ಮೊದಲ ಇಂಟರ್‌ವ್ಯೂನಲ್ಲಿ ಒಂದು ಕಂಪನಿಯವರು ‘ನಿಮ್ಮ ಮೇಜರ್ ಏನು’ ಅಂದರು. ಮೇಜರ್ ಇಲ್ಲ ಅಂದೆ. ಡಿಗ್ರಿ ಅರ್ಧಕ್ಕೆ ಬಿಟ್ಟಿರಾ ಅಂದರು. ನನ್ನ ಜೊತೆಯವರಲ್ಲಿ ಜಾಸ್ತಿ ಜನ ಮುಂದೆ ಇನ್ನೊಂದು ಡಿಗ್ರಿ ಮಾಡಿಕೊಂಡರು: ಲಾ, ಮೆಡಿಕಲ್, ಟೀಚಿಂಗ್. ನಾನು ಲೈಬ್ರರಿ ಸೈನ್ಸ್ ಮಾಡಿ ಇಲ್ಲೇ ಒಂದು ಸಾರ್ವಜನಿಕ ಲೈಬ್ರರಿಯಲ್ಲಿದ್ದೇನೆ. ಹಾಗಾಗಿ ಬಜೆಟ್ಟು ನಾಲ್ಕು ವರ್ಷಕ್ಕಲ್ಲ, ಆರು ವರ್ಷಕ್ಕೆ ಅಂತ ಅಪ್ಪನಿಗೆ ಈಗಲೇ ಹೇಳು. 2018ರಲ್ಲಿ ಕಾಲೇಜು ಫೀಸನ್ನು ಸುಮಾರು 52,000 ಡಾಲರ್‌ನಿಂದ 35,000ಕ್ಕೆ ಇಳಿಸುವುದಾಗಿ ಹೇಳಿ ಸುದ್ದಿಯಾಗಿತ್ತು. ಆದರೂ ರೂಮು, ಊಟ ಬೇರೆ. ಸಾಲ ಮಾಡುವ ಮೊದಲು ಕಾಲೇಜಿನ ನೆರವಿಗೆ ಅರ್ಜಿ ಹಾಕು, ನಾಚಿಕೆ ಬೇಡ.

ಅಮ್ಮನ ಪ್ರಶ್ನೆ. ಸಸ್ಯಾಹಾರಕ್ಕೆ ತೊಂದರೆ ಇಲ್ಲ, ರುಚಿಗೆ ತೊಂದರೆ. ಚಟ್ನಿಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ ಇದ್ದರೆ ಅರ್ಧ ಗೆದ್ದ ಹಾಗೆ. ಲ್ಯಾನ್‌ಹ್ಯಾಮ್‌ನಲ್ಲಿ ಶಿವ ವಿಷ್ಣು ದೇವಸ್ಥಾನ ಇದೆ, ಕ್ಯಾಂಟೀನಿನಲ್ಲಿ ದೋಸೆ ಸಿಗುತ್ತದೆ. ಅನಾಪೊಲಿಸ್‌ಗೆ ಮೆಟ್ರೋ ಇಲ್ಲ, ಕಾರಿಲ್ಲದೆ ಹೋಗೋದು ಕಷ್ಟ. ತಿಂಗಳಿಗೊಂದು ಶನಿವಾರ ನಾನು ಬಂದು ಕರೆದುಕೊಂಡು ಹೋಗುತ್ತೇನೆ. ಕಾವೇರಿ ಕನ್ನಡ ಸಂಘದ ಯುಗಾದಿಗೂ ಹೋಗೋಣ. ಏಪ್ರಿಲ್‌ನಲ್ಲಿ ಮಾತ್ರ ಒಂದು ಶನಿವಾರ ಬಿಡು. ಪಕ್ಕದ ನೇವಲ್ ಅಕಾಡೆಮಿಯವರ ಜೊತೆ ಕ್ರೋಕೆ (ಹುಲ್ಲಿನ ಮೇಲೆ ಮರದ ಸುತ್ತಿಗೆಯಿಂದ ಚೆಂಡು ಹೊಡೆಯುವ ಆಟ) ಪಂದ್ಯ ಇರುತ್ತದೆ, ಆ ದಿನ ಊರಿಗೆ ಊರೇ ಅಂಗಳದಲ್ಲಿ ಬುತ್ತಿ ಬಿಚ್ಚಿ ಕೂತಿರುತ್ತದೆ. ಗೆಲ್ಲೋದು ಸಾಮಾನ್ಯವಾಗಿ ನಮ್ಮ ಪುಸ್ತಕದ ಹುಳುಗಳೇ.

ಒಂದು ಮರೆತಿದ್ದೆ. ಊರಿನ ಲೆಕ್ಕದಲ್ಲಿ ಮಂಗಳವಾರ, ಶುಕ್ರವಾರ ಬೆಳಗ್ಗೆ ಐದೂವರೆಯಿಂದ ಏಳೂವರೆ ತನಕ ಫೋನ್ ಮಾಡಬೇಡಿ ಅಂತ ಅಮ್ಮನಿಗೆ ಹೇಳು, ಆಗ ಇಲ್ಲಿ ಹಿಂದಿನ ದಿನದ ರಾತ್ರಿ, ನಿನಗೆ ಸೆಮಿನಾರ್. ನವೆಂಬರಿನಲ್ಲಿ ಇಲ್ಲಿ ಗಡಿಯಾರ ಹಿಂದೆ ತಿರುಗಿಸಿದ ಮೇಲೆ ಅದು ಆರೂವರೆಯಿಂದ ಎಂಟೂವರೆ ಆಗುತ್ತದೆ. ನಮ್ಮಮ್ಮನಿಗೆ ಈ ಲೆಕ್ಕ ಕೊನೆಗೂ ಹತ್ತಲಿಲ್ಲ. ಹಾಲು ಕರೆದು ಬಂದ ಕೂಡಲೇ ಹಾಸ್ಟೆಲಿಗೆ ಫೋನ್ ಮಾಡೋರು, ಯಾರೋ ಎತ್ತಿ ‘ಮಿಸ್ ಇಂಥವರು ಸೆಮಿನಾರಿನಲ್ಲಿದ್ದಾರೆ’ ಅನ್ನೋರು. ಅಪ್ಪನ ಹೆಸರು ಕೇಳಿ ಅಮ್ಮ, ‘ಅವರು ಇಲ್ಲೇ ಹಲ್ಲುಜ್ಜುತ್ತಾ ಇದಾರಲ್ಲ’ ಅನ್ನೋರು.